ಮಲ್ಟಿಪಲ್ ಸ್ಕ್ಲೆರೋಸಿಸ್: ಮನಸ್ಸಿನ ನೋವೂ ಕಾಯಿಲೆಯ ಭಾಗವೇ

ಮಧುಮೇಹ, ರಕ್ತದೊತ್ತಡ, ಪಾರ್ಶ್ವವಾಯುಗಳ ಹೆಸರು ಕೇಳದ ಮನೆ ಇಂದು ರಾಜ್ಯದಲ್ಲಿ ಸಿಗಲಾರದು. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಬಹುಪಾಲು ಕುಟುಂಬಗಳಿಗೆ ಮೊದಲ ಬಾರಿ ಕೇಳಿಬರುವುದು ತಮ್ಮವರೊಬ್ಬರ ಎಂಆರ್‌ಐ ವರದಿ ಕೈಸೇರಿದ ದಿನ. ಸಂಕ್ಷಿಪ್ತವಾಗಿ ಎಂ.ಎಸ್. ಎನ್ನಲಾಗುವ ಈ ಕಾಯಿಲೆಗೆ ಜನಬಳಕೆಯ ಕನ್ನಡ ಹೆಸರಿಲ್ಲ. ಹೆಸರಿಲ್ಲದ ಕಾಯಿಲೆಯನ್ನು ನೆರೆಹೊರೆಯವರಿಗೆ, ಕಚೇರಿಯ ಮೇಲಧಿಕಾರಿಗೆ, ಬೀಗರಿಗೆ ವಿವರಿಸುವುದು ಸುಲಭವಲ್ಲ. 'ನರಗಳ ದೌರ್ಬಲ್ಯ' ಎಂದರೆ ಗೋಡೆಬರಹದ ಜಾಹೀರಾತುಗಳು ನೆನಪಾಗುತ್ತವೆ. 'ಲಕ್ವ' ಎಂದರೆ ಅದು ಮುದುಕರ ರೋಗವಲ್ಲವೇ ಎಂಬ ಪ್ರಶ್ನೆ ಬರುತ್ತದೆ.

ಕೈಕಾಲಿನ ತೊಂದರೆಯನ್ನು ಹೇಳುವುದೇ ಇಷ್ಟು ಕಷ್ಟವಿರುವಾಗ, ಅದರ ಜೊತೆಯಲ್ಲೇ ಬರುವ ಖಿನ್ನತೆ, ಆತಂಕ, ಮರೆವು, ವಿನಾಕಾರಣ ಉಕ್ಕುವ ಅಳು ಇವುಗಳ ಬಗ್ಗೆ ಮಾತು ಹೊರಡುವುದು ಇನ್ನೂ ಅಪರೂಪ. 'ಇಂಥ ಕಾಯಿಲೆ ಬಂದ ಮೇಲೆ ಬೇಸರವಾಗದೆ ಇರುತ್ತದೆಯೇ?' ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹಲವು ಬಾರಿ ವೈದ್ಯರೂ ಅದನ್ನೇ ಹೇಳುತ್ತಾರೆ. ಮಾತಿನಲ್ಲಿ ಸಹಾನುಭೂತಿ ಇದೆ, ನಿಜ. ಆದರೆ ಚಿಕಿತ್ಸೆ ಇರುವ ತೊಂದರೆಯೊಂದು ಚಿಕಿತ್ಸೆ ಇಲ್ಲದೆ ಉಳಿದುಹೋಗುವುದೂ ಇದೇ ಮಾತಿನಿಂದ. ಎಂ.ಎಸ್. ರೋಗಿಯ ಖಿನ್ನತೆಯು ಸ್ವಭಾವದ ದೋಷವಲ್ಲ, ಕೇವಲ ಸಹಜ ದುಃಖವೂ ಅಲ್ಲ. ಅದು ಕಾಯಿಲೆಯ ಒಂದು ಭಾಗ, ಅದನ್ನು ಗುರುತಿಸಬಹುದು ಮತ್ತು ಗುಣಪಡಿಸಬಹುದು ಎಂಬುದು ಈಚಿನ ದಶಕಗಳ ವೈದ್ಯಕೀಯ ತಿಳಿವಳಿಕೆ.

ಏನಿದು ಕಾಯಿಲೆ?

ಮಿದುಳು, ಬೆನ್ನುಹುರಿ ಹಾಗೂ ಕಣ್ಣಿನ ನರಗಳಲ್ಲಿರುವ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಕವಚ ಹೇಗೋ ನರತಂತುವಿಗೆ ಇದು ಹಾಗೆ. ಸಂದೇಶಗಳು ವೇಗವಾಗಿ ಸಾಗಲು ಈ ಹೊದಿಕೆ ಬೇಕೇಬೇಕು. ಎಂ.ಎಸ್.ನಲ್ಲಿ ದೇಹವನ್ನು ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಮೈಲಿನ್ ಮೇಲೆ ದಾಳಿ ನಡೆಸುತ್ತದೆ. ಹೊದಿಕೆ ಕಿತ್ತುಹೋದ ಜಾಗದಲ್ಲಿ ಗಟ್ಟಿಯಾದ ಕಲೆಗಳು ಉಳಿಯುತ್ತವೆ. ಕಲೆ ಎಲ್ಲಿ ಮೂಡಿತು ಎಂಬುದರ ಮೇಲೆ ಲಕ್ಷಣ ನಿರ್ಧಾರವಾಗುತ್ತದೆ. ಒಬ್ಬರಿಗೆ ಒಂದು ಕಣ್ಣು ಮಂಜಾಗಬಹುದು, ಇನ್ನೊಬ್ಬರಿಗೆ ಕಾಲು ಜೋಮುಗಟ್ಟಬಹುದು, ಮತ್ತೊಬ್ಬರಿಗೆ ನಡೆಯುವಾಗ ತೂಕ ತಪ್ಪಬಹುದು.

ಬಹುಪಾಲು ರೋಗಿಗಳಲ್ಲಿ ಕಾಯಿಲೆ ಅಲೆಅಲೆಯಾಗಿ ಬರುತ್ತದೆ. ಕೆಲವು ವಾರ ಉಲ್ಬಣಿಸಿ, ತಾನಾಗಿ ಅಥವಾ ಔಷಧದಿಂದ ಇಳಿದು, ತಿಂಗಳು ಅಥವಾ ವರ್ಷಗಳ ನಂತರ ಮತ್ತೆ ಮರುಕಳಿಸುತ್ತದೆ. ಜಗತ್ತಿನಾದ್ಯಂತ ಸುಮಾರು 29 ಲಕ್ಷ ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ ಎಂಬುದು 2023ರ ಅಂದಾಜು. ರೋಗನಿರ್ಣಯದ ಸರಾಸರಿ ವಯಸ್ಸು 32. ಪುರುಷರಿಗಿಂತ ಮಹಿಳೆಯರಲ್ಲಿ ಇದು ಕನಿಷ್ಠ ಎರಡು ಪಟ್ಟು ಹೆಚ್ಚು. ಯುರೋಪ್, ಉತ್ತರ ಅಮೆರಿಕಗಳಿಗೆ ಹೋಲಿಸಿದರೆ ಭಾರತದಲ್ಲಿ ಪ್ರಮಾಣ ಕಡಿಮೆ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಲಕ್ಷ ಜನಸಂಖ್ಯೆಗೆ ಸುಮಾರು 8 ಎಂ.ಎಸ್. ರೋಗಿಗಳು ಕಂಡುಬಂದರು. ಶೇಕಡಾವಾರು ನೋಡಿದರೆ ಇದು ಚಿಕ್ಕ ಸಂಖ್ಯೆ. ಆದರೆ ಓದು ಮುಗಿಸಿ ಉದ್ಯೋಗ ಹಿಡಿಯುವ, ಮದುವೆಯಾಗುವ, ಮಕ್ಕಳನ್ನು ಹೆರುವ ವಯಸ್ಸಿನಲ್ಲೇ ಬಂದೆರಗುವ ಕಾಯಿಲೆಯ ಭಾರವನ್ನು ಸಂಖ್ಯೆಯಿಂದಷ್ಟೇ ಅಳೆಯಲಾಗದು.

ನಗುವ ರೋಗಿ ಎಂಬ ತಪ್ಪು ಕಲ್ಪನೆ

ಎಂ.ಎಸ್. ಮತ್ತು ಮನಸ್ಸಿನ ಸಂಬಂಧ ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಈ ಕಾಯಿಲೆಯನ್ನು ಮೊದಲ ಬಾರಿ ಸ್ಪಷ್ಟವಾಗಿ ವಿವರಿಸಿ ಅದಕ್ಕೆ ಹೆಸರು ಕೊಟ್ಟರು. ತಮ್ಮ ರೋಗಿಗಳಲ್ಲಿ ನೆನಪಿನ ಶಕ್ತಿ ಕುಂದುವುದನ್ನೂ, ಸಂದರ್ಭಕ್ಕೆ ಹೊಂದದ ನಗು ಅಥವಾ ಅಳು ಬರುವುದನ್ನೂ ಅವರು ಆಗಲೇ ಗಮನಿಸಿದ್ದರು.

ಆದರೆ ಮುಂದಿನ ತಲೆಮಾರಿನ ವೈದ್ಯರು ಬೇರೆಯದೇ ದಾರಿ ಹಿಡಿದರು. 1926ರಲ್ಲಿ ಕಾಟ್ರೆಲ್ ಮತ್ತು ವಿಲ್ಸನ್ ಎಂಬಿಬ್ಬರು ವೈದ್ಯರು ಲಂಡನ್ನಿನಲ್ಲಿ 100 ರೋಗಿಗಳನ್ನು ಪರೀಕ್ಷಿಸಿ, ಅವರಲ್ಲಿ ಹೆಚ್ಚಿನವರು ಕಾಯಿಲೆಯ ಗಾಂಭೀರ್ಯಕ್ಕೆ ತಕ್ಕುದಲ್ಲದ ಉಲ್ಲಾಸದಲ್ಲಿದ್ದಾರೆಂದು ವರದಿ ಮಾಡಿದರು. ಖಿನ್ನರಾದವರು ಅವರಿಗೆ ಕಂಡದ್ದು ಹತ್ತರಲ್ಲಿ ಒಬ್ಬರು ಮಾತ್ರ. ಎಂ.ಎಸ್. ರೋಗಿ ಎಂದರೆ ಕಾರಣವಿಲ್ಲದೆ ಸಂತೋಷವಾಗಿರುವವ ಎಂಬ ಚಿತ್ರ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿಯಲು ಈ ವರದಿ ಮುಖ್ಯ ಕಾರಣವಾಯಿತು. ಸಂತೋಷವಾಗಿರುವವನನ್ನು 'ನಿನಗೆ ದುಃಖವಿದೆಯೇ?' ಎಂದು ಯಾರು ತಾನೇ ಕೇಳುತ್ತಾರೆ?

ನಿಶ್ಚಿತ ಮಾನದಂಡಗಳನ್ನು ಬಳಸಿ 20ನೇ ಶತಮಾನದ ಕೊನೆಯ ದಶಕಗಳಲ್ಲಿ ನಡೆದ ಅಧ್ಯಯನಗಳು ಈ ಚಿತ್ರವನ್ನು ತಲೆಕೆಳಗು ಮಾಡಿದವು. ಅತಿಯಾದ ಉಲ್ಲಾಸ ಕಂಡುಬರುವುದು ಸಾಮಾನ್ಯವಾಗಿ ಮಿದುಳಿಗೆ ತೀವ್ರ ಹಾನಿಯಾದ, ಕಾಯಿಲೆ ಬಹಳ ಮುಂದುವರಿದ ಕೆಲವರಲ್ಲಿ ಮಾತ್ರ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಖಿನ್ನತೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಎಂ.ಎಸ್. ಇರುವವರಲ್ಲಿ ಶೇ. 30ರಷ್ಟು ಮಂದಿಗೆ ಖಿನ್ನತೆಯೂ, ಶೇ. 22ರಷ್ಟು ಮಂದಿಗೆ ಆತಂಕವೂ ಇರುತ್ತದೆ. ಜೀವಿತಾವಧಿಯಲ್ಲಿ ಒಮ್ಮೆಯಾದರೂ ತೀವ್ರ ಖಿನ್ನತೆಗೆ ಒಳಗಾಗುವವರ ಪ್ರಮಾಣ ಅರ್ಧದಷ್ಟಾಗಬಹುದು ಎಂಬುದು ಹಲವು ಚಿಕಿತ್ಸಾಲಯಗಳ ಅನುಭವ.

ಮಿದುಳಿನಿಂದಲೇ ಬರುವ ಖಿನ್ನತೆ

ಖಿನ್ನತೆಗೆ ಕಾರಣ ಒಂದೇ ಅಲ್ಲ. ಮೊದಲನೆಯದು ಮಿದುಳಿನಲ್ಲೇ ಇದೆ. ಭಾವನೆಗಳನ್ನು ಹತೋಟಿಯಲ್ಲಿಡುವ ಹಣೆಭಾಗದ ಮಿದುಳು ಹಾಗೂ ಕಿವಿಯ ಮೇಲ್ಭಾಗಕ್ಕೆ ಹೊಂದಿಕೊಂಡ ಮಿದುಳಿನ ಪಾಲಿಗಳಲ್ಲಿ ಕಲೆಗಳು ಮೂಡಿದಾಗ ಖಿನ್ನತೆಯ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ರೋಗನಿರೋಧಕ ಕೋಶಗಳು ದಾಳಿಯ ವೇಳೆ ಹೊರಸೂಸುವ ಸೈಟೊಕೈನ್ ಎಂಬ ರಾಸಾಯನಿಕಗಳೂ ಮನಸ್ಥಿತಿಯನ್ನು ಬದಲಿಸಬಲ್ಲವು. ಜ್ವರ ಬಂದಾಗ ಯಾರೊಡನೆಯೂ ಮಾತು ಬೇಡವೆನಿಸಿ ಮೂಲೆ ಹಿಡಿದು ಮಲಗುವಂತಾಗುವುದು ಎಲ್ಲರ ಅನುಭವ. ಅದರ ಹಿಂದೆಯೂ ಇಂಥ ರಾಸಾಯನಿಕಗಳೇ ಕೆಲಸ ಮಾಡುತ್ತವೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಆರೋಗ್ಯ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಾದಕ್ಕೆ ಬಲ ನೀಡಿತು. ಎಂ.ಎಸ್. ಪತ್ತೆಯಾಗುವ ಹಿಂದಿನ ಐದು ವರ್ಷಗಳಲ್ಲಿ ಶೇ. 28ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿದ್ದವು. ಎಂ.ಎಸ್. ಇಲ್ಲದವರಲ್ಲಿ ಈ ಪ್ರಮಾಣ ಶೇ. 15ರಷ್ಟಿತ್ತು. ಅಂದರೆ, ಕಾಯಿಲೆಯ ಹೆಸರು ಕೇಳಿ ಎದೆಗುಂದುವುದಕ್ಕೆ ಮೊದಲೇ ಹಲವರ ಮನಸ್ಸು ಕುಗ್ಗಿತ್ತು.

ಎರಡನೆಯ ಕಾರಣ ಬದುಕಿನದು. ನಾಳೆ ಬೆಳಿಗ್ಗೆ ಎದ್ದಾಗ ಕಾಲು ನೆಲಕ್ಕೆ ಊರುತ್ತದೆಯೋ ಇಲ್ಲವೋ ಎಂಬ ಅನಿಶ್ಚಿತತೆ ಈ ಕಾಯಿಲೆಯ ವಿಶೇಷ. ನಷ್ಟ ಒಮ್ಮೆ ಆಗಿಹೋದರೆ ಮನುಷ್ಯ ಅದಕ್ಕೆ ಹೇಗೋ ಹೊಂದಿಕೊಳ್ಳುತ್ತಾನೆ. ಇಲ್ಲಿ ನಷ್ಟ ಕಂತುಕಂತಾಗಿ ಬರುತ್ತದೆ, ಮುಂದಿನ ಕಂತು ಯಾವಾಗ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆತಂಕವು ರೋಗನಿರ್ಣಯದ ಆಸುಪಾಸಿನ ತಿಂಗಳುಗಳಲ್ಲಿ ಹೆಚ್ಚಾಗಿರಲು ಇದು ಕಾರಣ.

ಮೂರನೆಯದು ಔಷಧಗಳು. ಕಾಯಿಲೆ ಉಲ್ಬಣಿಸಿದಾಗ ಮೂರರಿಂದ ಐದು ದಿನ ನರದ ಮೂಲಕ ಕೊಡುವ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ನಿದ್ರೆ ಕೆಡಿಸಬಹುದು. ಕೆಲವರಲ್ಲಿ ಅತಿ ಉತ್ಸಾಹ, ಸಿಡುಕು, ಅನಂತರ ದಿಢೀರ್ ಕುಸಿತ ಕಾಣಬಹುದು. 1993ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದು ಖಿನ್ನತೆ ತರುತ್ತದೆಯೇ ಎಂಬ ಶಂಕೆ ಆರಂಭದಲ್ಲೇ ಎದ್ದಿತ್ತು. ನಂತರದ ಅಧ್ಯಯನಗಳಲ್ಲಿ ಆ ಸಂಬಂಧ ದೃಢಪಡಲಿಲ್ಲ. ಆದರೂ ಹಿಂದೆ ತೀವ್ರ ಖಿನ್ನತೆ ಇದ್ದವರಲ್ಲಿ ಎಚ್ಚರಿಕೆ ವಹಿಸಬೇಕೆಂಬ ಸೂಚನೆ ಇದೆ. ಔಷಧ ಆರಂಭಿಸಿದ ಮೇಲೆ ಮನಸ್ಥಿತಿ ಬದಲಾದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದೇ ಕ್ಷೇಮ.

ಗುರುತಿಸುವುದು ಏಕೆ ಕಷ್ಟ?

ಎಂ.ಎಸ್.ನ ಇತಿಹಾಸದಲ್ಲಿ ಒಂದು ವಿಪರ್ಯಾಸವಿದೆ. ರೋಗನಿರ್ಣಯಕ್ಕೆ ಮೊದಲು ದೇಹದ ತೊಂದರೆಯನ್ನು ಮನಸ್ಸಿನದೆಂದು ತಳ್ಳಿಹಾಕಲಾಗುತ್ತಿತ್ತು. ರೋಗನಿರ್ಣಯದ ನಂತರ ಮನಸ್ಸಿನ ತೊಂದರೆಯನ್ನು ದೇಹದ ಕಾಯಿಲೆಯ ನೆರಳೆಂದು ಬದಿಗಿಡಲಾಗುತ್ತದೆ. ಬ್ರಿಟನ್ನಿನ ಪ್ರಸಿದ್ಧ ಚೆಲ್ಲೊ ವಾದಕಿ ಜಾಕ್ವೆಲಿನ್ ಡು ಪ್ರೇ ಅವರಿಗೆ 1971ರ ಹೊತ್ತಿಗೆ ಬೆರಳುಗಳ ಸ್ಪರ್ಶಜ್ಞಾನ ಕುಂದತೊಡಗಿತ್ತು. ಅದು ಮಾನಸಿಕ ಒತ್ತಡದ ಫಲವೆಂದೇ ಮೊದಲು ಭಾವಿಸಲಾಗಿತ್ತು. ಎಂ.ಎಸ್. ಎಂದು ಪತ್ತೆಯಾದದ್ದು 1973ರಲ್ಲಿ. 1987ರಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ ಅವರು ನಿಧನರಾದರು. ಎಂಆರ್‌ಐ ಯಂತ್ರಗಳು ಇಲ್ಲದಿದ್ದ ಆ ಕಾಲದಲ್ಲಿ, ಬಂದುಹೋಗುವ ಜೋಮು ಮತ್ತು ದೃಷ್ಟಿದೋಷಗಳನ್ನು, ಅದರಲ್ಲೂ ಯುವತಿಯರು ಹೇಳಿಕೊಂಡಾಗ, ಹಿಸ್ಟೀರಿಯಾ ಎಂದು ಕರೆಯುವುದು ಅಪರೂಪವಾಗಿರಲಿಲ್ಲ. ಒಮ್ಮೆ 'ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದು' ಎಂದು ಕೇಳಿಸಿಕೊಂಡ ರೋಗಿ, ಎಂ.ಎಸ್. ಖಚಿತವಾದ ಮೇಲೆ ಮನಸ್ಸಿನ ಮಾತೆತ್ತಲು ಹಿಂಜರಿಯುವುದು ಸಹಜವೇ.

ಇನ್ನೊಂದು ತೊಡಕು ಲಕ್ಷಣಗಳದು. ಆಯಾಸ, ನಿದ್ರಾಹೀನತೆ, ಏಕಾಗ್ರತೆಯ ಕೊರತೆ, ಹಸಿವಿನ ಏರುಪೇರು ಇವೆಲ್ಲ ಖಿನ್ನತೆಯ ಲಕ್ಷಣಗಳು ಹೌದು, ಎಂ.ಎಸ್.ನ ಲಕ್ಷಣಗಳೂ ಹೌದು. ಬೇರ್ಪಡಿಸುವುದು ಹೇಗೆ? ಎಂ.ಎಸ್.ನ ಆಯಾಸ ಸಾಮಾನ್ಯವಾಗಿ ಹೊತ್ತೇರಿದಂತೆ, ಬಿಸಿಲು ಹೆಚ್ಚಿದಂತೆ ಜಾಸ್ತಿಯಾಗುತ್ತದೆ. ಮಾಡಬೇಕೆಂಬ ಆಸೆ ಇರುತ್ತದೆ, ದೇಹ ಒಪ್ಪುವುದಿಲ್ಲ. ಖಿನ್ನತೆಯಲ್ಲಿ ಆಸೆಯೇ ಬತ್ತಿಹೋಗುತ್ತದೆ. ತಾನು ನಿಷ್ಪ್ರಯೋಜಕ ಎಂಬ ಭಾವ, ಮುಂದೆ ಏನೂ ಒಳ್ಳೆಯದಾಗದು ಎಂಬ ಹತಾಶೆ, ಹಿಂದೆ ಇಷ್ಟವಾಗುತ್ತಿದ್ದ ಸಂಗೀತ, ಸಿನಿಮಾ, ಮಕ್ಕಳ ಆಟ ಯಾವುದೂ ರುಚಿಸದಿರುವುದು, ತನ್ನನ್ನು ತಾನೇ ದೂಷಿಸಿಕೊಳ್ಳುವುದು ಇವು ಖಿನ್ನತೆಯ ಕಡೆಗೆ ಬೆರಳು ಮಾಡುತ್ತವೆ.

ಇದಕ್ಕೆ ದೊಡ್ಡ ಯಂತ್ರ ಬೇಡ, ದುಬಾರಿ ಪರೀಕ್ಷೆಯೂ ಬೇಡ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದಂತೆ ಅಥವಾ ಹತಾಶೆ ಕವಿದಂತೆ ಅನಿಸಿದೆಯೇ? ಮಾಡುವ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ? ಈ ಎರಡೇ ಪ್ರಶ್ನೆಗಳು ಖಿನ್ನತೆ ಇರುವ ಬಹುತೇಕ ಎಂ.ಎಸ್. ರೋಗಿಗಳನ್ನು ಗುರುತಿಸಬಲ್ಲವು ಎಂದು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಒಂದಕ್ಕೆ 'ಹೌದು' ಎಂಬ ಉತ್ತರ ಬಂದರೂ ವಿವರವಾದ ತಪಾಸಣೆ ನಡೆಯಬೇಕು. ಪ್ರತಿ ಭೇಟಿಯಲ್ಲೂ ಇದನ್ನು ಕೇಳಲು ಒಂದು ನಿಮಿಷ ಸಾಕು.

ತಡೆಯಲಾಗದ ಅಳು, ಬೇಡದ ನಗು

ಸಾವಿನ ಮನೆಯಲ್ಲಿ ನಗು ಬಂದುಬಿಟ್ಟರೆ? ಕಚೇರಿಯ ಸಭೆಯಲ್ಲಿ ಕಾರಣವಿಲ್ಲದೆ ಕಣ್ಣೀರು ಧಾರೆಯಾದರೆ? ಎಂ.ಎಸ್. ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಮುಜುಗರ ಎದುರಾಗುತ್ತದೆ. ಒಳಗಿನ ಭಾವಕ್ಕೂ ಹೊರಗಿನ ನಗು-ಅಳುವಿಗೂ ಸಂಬಂಧವೇ ಇರುವುದಿಲ್ಲ. ಭಾವ ಪ್ರಕಟಣೆಯನ್ನು ತಡೆಹಿಡಿಯುವ ಮಿದುಳಿನ ನರಮಾರ್ಗಗಳು ಕಡಿತಗೊಂಡಾಗ ಹೀಗಾಗುತ್ತದೆ. ಇದಕ್ಕೆ ಸ್ಯೂಡೋಬಲ್ಬಾರ್ ಅಫೆಕ್ಟ್ ಎಂದು ಹೆಸರು.

ಇದು ಖಿನ್ನತೆಯಲ್ಲ, ಹುಚ್ಚೂ ಅಲ್ಲ. ಆದರೆ ಅಪಾರ್ಥಕ್ಕೆ ಸುಲಭವಾಗಿ ಎಡೆಮಾಡಿಕೊಡುತ್ತದೆ. ನಕ್ಕವರು ಅಹಂಕಾರಿಗಳಾಗಿಯೂ, ಅತ್ತವರು ದುರ್ಬಲರಾಗಿಯೂ ಇತರರ ಕಣ್ಣಿಗೆ ಕಾಣುತ್ತಾರೆ. ಕ್ರಮೇಣ ರೋಗಿ ಮದುವೆ-ಮುಂಜಿ, ಜಾತ್ರೆ, ಸಭೆಗಳಿಂದ ದೂರ ಉಳಿಯತೊಡಗುತ್ತಾರೆ. ಆ ಒಂಟಿತನವೇ ಮುಂದೆ ಖಿನ್ನತೆಗೆ ದಾರಿಯಾಗುತ್ತದೆ. ಈ ಸ್ಥಿತಿಗೆಂದೇ ಮೀಸಲಾದ ಔಷಧಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಮಾನ್ಯತೆ ನೀಡಿತು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಕಡಿಮೆ ಪ್ರಮಾಣದಲ್ಲಿ ಇದನ್ನು ಹತೋಟಿಗೆ ತರಬಲ್ಲವು.

'ಸೋಮಾರಿ' ಎಂಬ ಅಪವಾದ

ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಬಾಗಿಲು ತೆರೆಯಲು ಹತ್ತು ಜನ ಬರುತ್ತಾರೆ. ನಡೆದಾಡುತ್ತಿರುವ ಎಂ.ಎಸ್. ರೋಗಿಗೆ ಮಾತ್ರ 'ನೋಡಲು ಚೆನ್ನಾಗಿಯೇ ಇದ್ದೀಯಲ್ಲ' ಎಂಬ ಮಾತು ಸಿಗುತ್ತದೆ. ಕಣ್ಣಿಗೆ ಕಾಣದ ಲಕ್ಷಣಗಳಲ್ಲಿ ಆಯಾಸ ಮೊದಲನೆಯದು. ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು ರೋಗಿಗಳನ್ನು ಅದು ಕಾಡುತ್ತದೆ. ಎರಡನೆಯದು ಯೋಚನೆಯ ವೇಗ ತಗ್ಗುವುದು. ಅರ್ಧದಷ್ಟು ರೋಗಿಗಳಲ್ಲಿ ನೆನಪು, ಗಮನ, ಮಾಹಿತಿ ಗ್ರಹಿಸುವ ವೇಗ ಇವುಗಳಲ್ಲಿ ಒಂದಲ್ಲ ಒಂದು ಕುಂದು ಕಂಡುಬರುತ್ತದೆ. ಬುದ್ಧಿ ಮಂಕಾಗುವುದಿಲ್ಲ. ಆದರೆ ಒಂದೇ ಸಮಯಕ್ಕೆ ಎರಡು ಕೆಲಸ ನಿಭಾಯಿಸುವುದು, ಸಂತೆಯಂಥ ಗದ್ದಲದಲ್ಲಿ ಮಾತು ಹಿಂಬಾಲಿಸುವುದು ಕಷ್ಟವಾಗುತ್ತದೆ. ಸಂಕೇತಗಳನ್ನು ಅಂಕಿಗಳೊಂದಿಗೆ ಹೊಂದಿಸುವ ಕೇವಲ 90 ಸೆಕೆಂಡುಗಳ ಸರಳ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು.

ಬಿಸಿಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದೇಹದ ಉಷ್ಣತೆ ಸ್ವಲ್ಪ ಏರಿದರೂ ಮೈಲಿನ್ ಕಳೆದುಕೊಂಡ ನರಗಳಲ್ಲಿ ಸಂದೇಶ ಸಾಗಣೆ ಕುಂಟುತ್ತದೆ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಟ್ಹಾಫ್ 1890ರಲ್ಲಿ ಇದನ್ನು ದಾಖಲಿಸಿದರು. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳುಗಳಲ್ಲಿ ರೋಗಿ ಮಧ್ಯಾಹ್ನ ಮನೆಯಿಂದ ಹೊರಬೀಳದಿದ್ದರೆ ಅದು ಸೋಮಾರಿತನವಲ್ಲ. ತಂಪಾದ ಮೇಲೆ ಈ ತೊಂದರೆ ತಾನಾಗಿ ಇಳಿಯುತ್ತದೆ, ಇದರಿಂದ ಹೊಸ ಹಾನಿಯೇನೂ ಆಗುವುದಿಲ್ಲ ಎಂಬ ತಿಳಿವಳಿಕೆಯೊಂದೇ ಎಷ್ಟೋ ಭಯವನ್ನು ಕಳೆಯಬಲ್ಲದು.

ಒತ್ತಡದಿಂದ ಕಾಯಿಲೆ ಹೆಚ್ಚುವುದೇ?

ರೋಗಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಎಂ.ಎಸ್.ನ ಅತಿ ಹಳೆಯ ದಾಖಲೆಗಳಲ್ಲೊಂದು ಬ್ರಿಟನ್ನಿನ ದೊರೆ ಮೂರನೇ ಜಾರ್ಜನ ಮೊಮ್ಮಗ ಆಗಸ್ಟಸ್ ಡೆಸ್ಟೆಯ ದಿನಚರಿ. 1822ರಲ್ಲಿ ಆಪ್ತ ಬಂಧುವೊಬ್ಬರ ಅಂತ್ಯಸಂಸ್ಕಾರ ಮುಗಿಸಿದ ಬೆನ್ನಿಗೇ ತನ್ನ ಕಣ್ಣು ಮಂಜಾಯಿತೆಂದು ಆತ ಬರೆದುಕೊಂಡಿದ್ದ. ಶಾರ್ಕೊ ಕೂಡ ದೀರ್ಘಕಾಲದ ದುಃಖವನ್ನು ಕಾರಣಗಳ ಸಾಲಿನಲ್ಲಿ ಸೇರಿಸಿದ್ದರು.

ದುಃಖದಿಂದಲೇ ಎಂ.ಎಸ್. ಹುಟ್ಟುತ್ತದೆ ಎಂದು ಇಂದು ಯಾರೂ ಹೇಳುವುದಿಲ್ಲ. ಎಪ್‌ಸ್ಟೈನ್-ಬಾರ್ ವೈರಸ್ಸಿನ ಸೋಂಕು, ಆನುವಂಶಿಕ ಒಲವು, ವಿಟಮಿನ್ ಡಿ ಕೊರತೆ, ಧೂಮಪಾನ ಮುಂತಾದ ಹಲವು ಅಂಶಗಳು ಅದರ ಹಿಂದಿವೆ. ಆದರೆ ಕಾಯಿಲೆ ಇರುವವರಲ್ಲಿ ಒತ್ತಡದ ಘಟನೆಗಳ ನಂತರ ಮರುಕಳಿಸುವ ಸಾಧ್ಯತೆ ಹೆಚ್ಚು ಎಂದು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸಿತು. ಅದೇ ಸಂಶೋಧಕ ಡೇವಿಡ್ ಮೋರ್ ಮತ್ತು ಸಂಗಡಿಗರು 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒತ್ತಡ ನಿರ್ವಹಣೆಯ ತರಬೇತಿ ಪಡೆಯುತ್ತಿದ್ದ 24 ವಾರಗಳಲ್ಲಿ ರೋಗಿಗಳ ಮಿದುಳಿನಲ್ಲಿ ಹೊಸ ಕಲೆಗಳು ಕಡಿಮೆಯಾದವು. ಆದರೆ ತರಬೇತಿ ನಿಂತ ಮೇಲೆ ಆ ಪ್ರಯೋಜನ ಉಳಿಯಲಿಲ್ಲ.

ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಮನಸ್ಸಿನ ಆರೈಕೆಯು ರೋಗನಿಯಂತ್ರಕ ಔಷಧಕ್ಕೆ ಬದಲಿಯಲ್ಲ. 'ನೀನು ಚಿಂತೆ ಮಾಡಿದ್ದರಿಂದಲೇ ಕಾಯಿಲೆ ಮರುಕಳಿಸಿತು' ಎಂದು ರೋಗಿಯನ್ನು ದೂರುವುದಕ್ಕೂ ಇದು ಆಧಾರವಾಗಬಾರದು.

ಚಿಕಿತ್ಸೆ ಇದೆ

ಎಂ.ಎಸ್. ಪೂರ್ಣವಾಗಿ ಗುಣವಾಗುವ ಕಾಯಿಲೆಯಲ್ಲ. ಆದರೆ ಅದರೊಂದಿಗಿನ ಖಿನ್ನತೆಗೆ ಚಿಕಿತ್ಸೆ ಫಲಿಸುತ್ತದೆ. ಆಲೋಚನೆಯ ಜಾಡನ್ನು ಗುರುತಿಸಿ ತಿದ್ದಲು ಕಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಪರಿಣಾಮಕಾರಿ ಎಂಬುದಕ್ಕೆ ಉತ್ತಮ ಆಧಾರಗಳಿವೆ. ವಿಶೇಷವೆಂದರೆ ಇದನ್ನು ದೂರವಾಣಿ ಮೂಲಕವೂ ನಡೆಸಬಹುದು. 127 ಎಂ.ಎಸ್. ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 16 ವಾರಗಳ ದೂರವಾಣಿ ಚಿಕಿತ್ಸೆಯಿಂದ ಖಿನ್ನತೆ ಗಮನಾರ್ಹವಾಗಿ ತಗ್ಗಿತು. ಬಸ್ಸು ಹತ್ತಿ ದೂರದ ಆಸ್ಪತ್ರೆಗೆ ಹೋಗುವುದೇ ದೊಡ್ಡ ಸಾಹಸವಾದ ರೋಗಿಗೆ ಇದು ಸಣ್ಣ ಸಂಗತಿಯಲ್ಲ.

ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಮುಂತಾದ ಮಾತ್ರೆಗಳನ್ನೂ ಬಳಸಲಾಗುತ್ತದೆ. ಎಂ.ಎಸ್. ರೋಗಿಗಳ ಮೇಲೆಯೇ ನಡೆದ ಪ್ರಯೋಗಗಳು ಕಡಿಮೆ. ಹೀಗಾಗಿ ವೈದ್ಯರು ಪ್ರತಿಯೊಬ್ಬರ ಲಕ್ಷಣ ನೋಡಿ ಆಯ್ಕೆ ಮಾಡುತ್ತಾರೆ. ನರನೋವೂ ಇದ್ದವರಿಗೆ ಡುಲೊಕ್ಸೆಟಿನ್ ಎರಡಕ್ಕೂ ಉಪಯೋಗವಾಗಬಹುದು. ಹಳೆಯ ಕಾಲದ ಕೆಲವು ಮಾತ್ರೆಗಳು ಮಲಬದ್ಧತೆ, ಮೂತ್ರದ ತೊಂದರೆಗಳನ್ನು ಹೆಚ್ಚಿಸಬಹುದು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಹಠಾತ್ತನೆ ನಿಲ್ಲಿಸಬಾರದು. ಶಕ್ತಿಗೆ ತಕ್ಕ ನಿಯಮಿತ ವ್ಯಾಯಾಮ ಆಯಾಸವನ್ನೂ ಬೇಸರವನ್ನೂ ತಗ್ಗಿಸುತ್ತದೆ. ಬೆಳಗಿನ ತಂಪು ಹೊತ್ತು ಅದಕ್ಕೆ ಸೂಕ್ತ.

ಖಿನ್ನತೆಗೆ ಚಿಕಿತ್ಸೆ ಪಡೆದವರು ಎಂ.ಎಸ್. ಔಷಧವನ್ನೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಖಿನ್ನತೆಯಲ್ಲಿ ಮುಳುಗಿದವರು 'ಇನ್ನು ಏನು ಪ್ರಯೋಜನ' ಎಂದು ಕೈಬಿಡುವ ಸಂಭವ ಹೆಚ್ಚು. ಹೀಗೆ ಮನಸ್ಸಿನ ಚಿಕಿತ್ಸೆಯು ದೇಹದ ಚಿಕಿತ್ಸೆಯನ್ನೂ ಕಾಪಾಡುತ್ತದೆ.

ನಿರ್ಲಕ್ಷಿಸಿದರೆ ಆಗುವ ಹಾನಿ ಗಂಭೀರ. ಎಂ.ಎಸ್. ರೋಗಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟು ಎಂದು ಡೆನ್ಮಾರ್ಕಿನ ದಾಖಲೆಗಳು ಹೇಳುತ್ತವೆ. ರೋಗನಿರ್ಣಯವಾದ ಮೊದಲ ವರ್ಷ ಹೆಚ್ಚು ಅಪಾಯದ್ದು. ಕೆನಡಾದ ಮನೋವೈದ್ಯ ಆಂಥೊನಿ ಫೈನ್‌ಸ್ಟೈನ್ 140 ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಸಾಯುವ ಯೋಚನೆ ಬಂದಿದ್ದವರಲ್ಲಿ ಮೂರನೇ ಒಂದು ಭಾಗ ಜನರಿಗೆ ಯಾವ ಮಾನಸಿಕ ನೆರವೂ ಸಿಕ್ಕಿರಲಿಲ್ಲ. 'ಸಾಯುವ ಯೋಚನೆ ಬರುತ್ತದೆಯೇ?' ಎಂದು ಕೇಳಿದರೆ ಆ ಯೋಚನೆ ಬಿತ್ತಿದಂತಾಗುತ್ತದೆ ಎಂಬ ಭಯ ಸಾಮಾನ್ಯ. ಅದು ನಿಜವಲ್ಲ. ಕೇಳುವವರೊಬ್ಬರು ಸಿಕ್ಕರೆ ಹೇಳಿಕೊಳ್ಳುವವರೇ ಹೆಚ್ಚು.

ಮದುವೆ, ಉದ್ಯೋಗ, ಕಾನೂನು

ರೋಗಿಯ ಮನಸ್ಸನ್ನು ಕೊರೆಯುವ ಚಿಂತೆಗಳಲ್ಲಿ ಮದುವೆ ಮತ್ತು ಮಕ್ಕಳ ವಿಷಯ ಮುಖ್ಯ. ತಂದೆ ಅಥವಾ ತಾಯಿಗೆ ಎಂ.ಎಸ್. ಇದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 2ರಿಂದ 3ರಷ್ಟು ಮಾತ್ರ. ಗರ್ಭಧಾರಣೆಯಿಂದ ಕಾಯಿಲೆ ಹದಗೆಡುತ್ತದೆ ಎಂಬ ಹಳೆಯ ನಂಬಿಕೆಯೂ ಬಿದ್ದುಹೋಗಿದೆ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಕಾಯಿಲೆ ತಣ್ಣಗಿದ್ದು, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚುತ್ತದೆ ಎಂದು 1998ರ ಯುರೋಪಿನ ಅಧ್ಯಯನ ತೋರಿಸಿತು. ಔಷಧಗಳನ್ನು ಮೊದಲೇ ಹೊಂದಿಸಿಕೊಳ್ಳಬೇಕಾದ್ದರಿಂದ ವೈದ್ಯರೊಂದಿಗೆ ಯೋಜಿಸಿ ಮುಂದುವರಿಯಬೇಕು. ಬಾಣಂತನದ ಆ ದಿನಗಳಲ್ಲಿ ತಾಯಿಯ ಕೈಕಾಲಿನಷ್ಟೇ ಮನಸ್ಸಿನ ಮೇಲೂ ಮನೆಯವರ ನಿಗಾ ಇರಬೇಕು.

ಉದ್ಯೋಗ ಇನ್ನೊಂದು ಚಿಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾನ್ಯ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಆ ಕಾರಣಕ್ಕೆ ಸರ್ಕಾರಿ ಸಂಸ್ಥೆಗಳು ನೌಕರರನ್ನು ವಜಾ ಮಾಡುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ವಿಧಿಸಿದೆ. ಈ ಎರಡೂ ಕಾಯ್ದೆಗಳ ಅರಿವು ರೋಗಿಗೆ ಇರುವುದು ಒಳ್ಳೆಯದು. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಕಾಯಿಲೆಯನ್ನು ಮುಚ್ಚಿಟ್ಟು ದುಡಿಯುವುದೇ ಅನೇಕರ ಆತಂಕದ ಮೂಲ.

ಆರೈಕೆ ಮಾಡುವ ಪತಿ, ಪತ್ನಿ, ತಂದೆ-ತಾಯಿಯರ ಮನಸ್ಸೂ ದಣಿಯುತ್ತದೆ. ವರ್ಷಗಟ್ಟಲೆ ನಡೆಯುವ ಶುಶ್ರೂಷೆಯಲ್ಲಿ ತಮಗೂ ಸಿಟ್ಟು, ಬೇಸರ ಬರುತ್ತದೆ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ವಾರದಲ್ಲಿ ಒಂದೆರಡು ಗಂಟೆಯಾದರೂ ಬೇರೊಬ್ಬರು ಹೊಣೆ ಹಂಚಿಕೊಂಡರೆ ಇಬ್ಬರಿಗೂ ಉಸಿರು ಸಿಗುತ್ತದೆ.

ನೆರವು ಎಲ್ಲಿ?

ಮನೋವೈದ್ಯರು ಮತ್ತು ನರರೋಗ ತಜ್ಞರು ಒಂದೇ ಆವರಣದಲ್ಲಿ ಸಿಗುವುದು ಎಂ.ಎಸ್. ರೋಗಿಗೆ ದೊಡ್ಡ ಅನುಕೂಲ. ಈ ಎರಡೂ ಶಾಸ್ತ್ರಗಳನ್ನು ಒಗ್ಗೂಡಿಸಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರ ಸೇವೆ ಲಭ್ಯ. ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲಿ ಶಾಖೆಯಿದೆ. ತಮ್ಮಂಥದೇ ಕಾಯಿಲೆಯೊಂದಿಗೆ ಬದುಕು ಕಟ್ಟಿಕೊಂಡ ಇನ್ನೊಬ್ಬರನ್ನು ಭೇಟಿಯಾಗುವುದೇ ಹೊಸದಾಗಿ ರೋಗನಿರ್ಣಯವಾದವರಿಗೆ ಮೊದಲ ಧೈರ್ಯ.

ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬದುಕು ಬೇಡವೆನಿಸುವ ಯೋಚನೆ ಬಂದರೆ ಕಾಯದೆ ಕರೆ ಮಾಡಬೇಕು, ಹತ್ತಿರದವರಿಗೆ ಹೇಳಬೇಕು. ಮನೆಯವರಿಗೆ ಅಂಥ ಸುಳಿವು ಸಿಕ್ಕರೆ ರೋಗಿಯನ್ನು ಒಬ್ಬರೇ ಇರಲು ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಂ.ಎಸ್.ಗೆ ಇಂದು ಇಪ್ಪತ್ತಕ್ಕೂ ಹೆಚ್ಚು ರೋಗನಿಯಂತ್ರಕ ಔಷಧಗಳಿವೆ. 1993ಕ್ಕೆ ಮೊದಲು ಒಂದೂ ಇರಲಿಲ್ಲ. ಆದರೆ ಆ ಔಷಧಗಳಲ್ಲಿ ಹಲವು ದುಬಾರಿ, ಎಲ್ಲರ ಕೈಗೆ ಎಟಕುವುದಿಲ್ಲ. ಮನಸ್ಸಿನ ಕುರಿತ ಎರಡು ಪ್ರಶ್ನೆಗಳಿಗೆ ಮಾತ್ರ ಯಾವ ವೆಚ್ಚವೂ ಇಲ್ಲ. ಅವನ್ನು ವೈದ್ಯರು ಕೇಳದಿದ್ದರೆ ರೋಗಿಯೇ ಮಾತೆತ್ತಬಹುದು, ಜೊತೆಯಲ್ಲಿ ಹೋದವರು ನೆನಪಿಸಬಹುದು. ಕಾಲಿನ ಜೋಮಿನ ಬಗ್ಗೆ ಹೇಳುವಷ್ಟೇ ನಿಸ್ಸಂಕೋಚವಾಗಿ ಮನಸ್ಸಿನ ಬಳಲಿಕೆಯ ಬಗ್ಗೆಯೂ ಹೇಳುವಂತಾದಾಗ ಎಂ.ಎಸ್. ಚಿಕಿತ್ಸೆ ಪೂರ್ಣವಾಗುತ್ತದೆ.